ನಾರಾಗೆ ಹೋದರೆ ಜಿಂಕೆಯಷ್ಟೇ ನೋಡಿ ಬರಬೇಡಿ: ಜಪಾನಿನ ಹಳೆಯ ರಾಜಧಾನಿಯ ಗುಡಿಗಳ ಪರಿಚಯ

ಬೆಂಗಳೂರಿನಿಂದ ಟೋಕಿಯೋಗೆ ಈಗ ನೇರ ವಿಮಾನ ಇದೆ. ಪರಿಚಯದವರಲ್ಲಿ ಯಾರಾದರೊಬ್ಬರು ಜಪಾನಿಗೆ ಹೋಗಿಬಂದಿರುತ್ತಾರೆ, ಇಲ್ಲವೇ ಹೊರಟಿರುತ್ತಾರೆ. ಟೋಕಿಯೋ, ಕ್ಯೋಟೋ, ಒಸಾಕಾ ನೋಡಿ, ನಡುವೆ ಅರ್ಧ ದಿನ ನಾರಾಗೆ ಹೋಗಿ ಬರುವುದು ವಾಡಿಕೆ. ಅಲ್ಲಿಂದ ಬರುವ ವಿಡಿಯೋ ನೀವೂ ನೋಡಿರಬಹುದು. ಜಿಂಕೆಯೊಂದು ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತದೆ. ಕೈಯಲ್ಲಿರುವ ಬಿಸ್ಕತ್ತು ಕಿತ್ತುಕೊಂಡು ಹೋಗುತ್ತದೆ. ಹಿಂದೆ ಮರಗಳ ಮೇಲೆ ಒಂದು ಭಾರಿ ಚಾವಣಿ ಕಾಣುತ್ತದೆ.

ಆ ಚಾವಣಿಯ ಕೆಳಗೆ ಏನಿತ್ತು ಅಂತ ಕೇಳಿದರೆ "ದೊಡ್ಡ ಬುದ್ಧ" ಅನ್ನುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಅದು ಬೌದ್ಧರದ್ದೋ ಶಿಂಟೊದವರದ್ದೋ? ಎರಡೂ ಒಂದೇನಾ? ಕೈ ಮುಗಿಯಬೇಕಾ, ಚಪ್ಪಾಳೆ ತಟ್ಟಬೇಕಾ? ಬಾಗಿಲಲ್ಲಿ ಕಣ್ಣು ಕೆರಳಿಸಿ ನಿಂತವರು ಯಾರು? ಇಷ್ಟು ತಿಳಿದುಕೊಂಡು ಹೋದರೆ ನಾರಾ ಬೇರೆಯೇ ಊರಾಗಿ ಕಾಣುತ್ತದೆ. ಅಲ್ಲಿ ಒಳಗೆ ನಿಂತಿರುವ ಎಷ್ಟೋ ಮೂರ್ತಿಗಳ ಹೆಸರು ನಮಗೆ ಚಿಕ್ಕಂದಿನಿಂದ ಗೊತ್ತಿರುವುದೇ. ಉಚ್ಚಾರ ಮಾತ್ರ ಬದಲಾಗಿದೆ.

## ನಾರಾ ಯಾಕೆ ಮುಖ್ಯ?

710ರಿಂದ 784ರವರೆಗೆ ಜಪಾನಿನ ರಾಜಧಾನಿ ಇಲ್ಲಿತ್ತು. ಆಗ ಊರಿನ ಹೆಸರು ಹೇಜೋಕ್ಯೋ. ಚೀನಾದ ಚಾಂಗಾನ್ ನಗರದ ಮಾದರಿಯಲ್ಲಿ, ಚದುರಂಗದ ಮನೆಗಳ ಹಾಗೆ ನೇರ ಬೀದಿಗಳನ್ನು ಎಳೆದು ಕಟ್ಟಿದ ಊರು. ಬೌದ್ಧ ಧರ್ಮ ಅದಕ್ಕೂ ಮೊದಲೇ, 6ನೇ ಶತಮಾನದಲ್ಲಿ, ಕೊರಿಯಾದ ಕಡೆಯಿಂದ ಜಪಾನಿಗೆ ಬಂದಿತ್ತು. ಅರಸರ ಆಸರೆಯಲ್ಲಿ ಅದು ದೊಡ್ಡದಾಗಿ ಬೆಳೆದದ್ದು ಈ ಊರಿನಲ್ಲಿ.

ರಾಜಧಾನಿ ಬೇರೆ ಕಡೆ ಹೋಯಿತು, ಮಠಗಳು ಇಲ್ಲೇ ಉಳಿದವು. 1998ರಲ್ಲಿ ಯುನೆಸ್ಕೋ ಇಲ್ಲಿಯ 8 ತಾಣಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಬೌದ್ಧ ದೇವಾಲಯಗಳಿವೆ, ಒಂದು ಶಿಂಟೊ ಗುಡಿ ಇದೆ, ಹಳೆಯ ಅರಮನೆಯ ನೆಲ ಇದೆ, ಒಂದು ಕಾಡೂ ಇದೆ. ಕಾಡು ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

## ತೆರಾ ಬೇರೆ, ಜಿಂಜಾ ಬೇರೆ

ಜಪಾನಿನಲ್ಲಿ ಪೂಜಾಸ್ಥಳಗಳು ಮುಖ್ಯವಾಗಿ ಎರಡು ಬಗೆ. ಬೌದ್ಧ ದೇವಾಲಯಕ್ಕೆ 'ತೆರಾ' ಅನ್ನುತ್ತಾರೆ. ಶಿಂಟೊ ಗುಡಿಗೆ 'ಜಿಂಜಾ' ಅನ್ನುತ್ತಾರೆ. ಹೆಸರಿನ ಬಾಲ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ತೋದಾಯ್‌ಜಿ, ಕೋಫುಕುಜಿ, ಯಾಕುಶಿಜಿ ಅಂತ 'ಜಿ' ಬಂದರೆ ಬೌದ್ಧರದ್ದು. 'ಜಿಂಜಾ', 'ತಾಯ್‌ಶಾ', 'ಜಿಂಗೂ' ಅಂತ ಬಂದರೆ ಶಿಂಟೊ.

ಶಿಂಟೊ ಜಪಾನಿನ ನೆಲದಲ್ಲೇ ಹುಟ್ಟಿದ ನಂಬಿಕೆ. ಅದರ ದೇವರುಗಳಿಗೆ 'ಕಾಮಿ' ಅಂತ ಹೆಸರು. ಬೆಟ್ಟ, ಹಳೆಯ ಮರ, ಜಲಪಾತ, ಬಂಡೆ, ಒಂದು ಮನೆತನದ ಹಿರಿಯರು, ಹೀಗೆ ಯಾವುದರಲ್ಲೂ ಕಾಮಿ ಇರಬಹುದು. ಕೊಡಗಿನ ದೇವರಕಾಡು, ಕರಾವಳಿಯ ನಾಗಬನ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಜಾಗವೇ ದೇವರು, ಗುಡಿ ಆಮೇಲೆ ಬಂದದ್ದು.

ಗುರುತಿಸುವುದು ಹೀಗೆ. ಎರಡು ಕಂಬ, ಮೇಲೆ ಎರಡು ಅಡ್ಡಪಟ್ಟಿ ಇರುವ ಬಾಗಿಲಿಲ್ಲದ ದ್ವಾರ ಕಂಡರೆ ಅದು 'ತೋರಿ', ಅಂದರೆ ಮುಂದೆ ಶಿಂಟೊ ಗುಡಿ. ಹುಲ್ಲಿನ ದಪ್ಪ ಹಗ್ಗಕ್ಕೆ ಬಿಳಿ ಕಾಗದವನ್ನು ಅಂಕುಡೊಂಕಾಗಿ ಮಡಚಿ ಇಳಿಬಿಟ್ಟಿದ್ದರೆ ಅದೂ ಶಿಂಟೊ. ಅಲ್ಲಿ ದೇವರ ಮೂರ್ತಿ ಸಾಮಾನ್ಯವಾಗಿ ಕಾಣುವುದಿಲ್ಲ. ಒಳಗಿನ ಬಾಗಿಲು ಮುಚ್ಚಿರುತ್ತದೆ, ಜನ ಹೊರಗೇ ನಿಂತು ಕೈ ಮುಗಿಯುತ್ತಾರೆ. ಊದುಬತ್ತಿಯ ವಾಸನೆ, ಮೂರೋ ಐದೋ ಅಂತಸ್ತಿನ ಗೋಪುರ, ಎದುರಿಗೆ ಕಾಣುವ ಮೂರ್ತಿ ಇದ್ದರೆ ಅದು ಬೌದ್ಧ ದೇವಾಲಯ. ಆ ಗೋಪುರ ನಮ್ಮ ಸಾಂಚಿಯ ಸ್ತೂಪದ ದೂರದ ಸಂಬಂಧಿ. ಸ್ತೂಪ ಚೀನಾಕ್ಕೆ ಹೋಗಿ, ಅಲ್ಲಿಯ ಮರದ ಕಟ್ಟಡಗಳ ಜೊತೆ ಬೆರೆತು, ಜಪಾನಿಗೆ ಬರುವ ಹೊತ್ತಿಗೆ ಅಂತಸ್ತಿನ ಗೋಪುರವಾಗಿತ್ತು.

## ಹಾಗಿದ್ದರೆ ಎರಡೂ ಪಕ್ಕಪಕ್ಕ ಯಾಕೆ?

ನಾರಾದಲ್ಲಿ ಹೊಸಬರಿಗೆ ಗೊಂದಲ ಆಗುವುದು ಇಲ್ಲೇ. ತೋದಾಯ್‌ಜಿ ಬೌದ್ಧರದ್ದು, ಆದರೆ ಅದರ ಪಕ್ಕದಲ್ಲೇ ಹಾಚಿಮಾನ್ ಅನ್ನುವ ಕಾಮಿಯ ಗುಡಿ ಇದೆ. ಕೋಫುಕುಜಿ ಬೌದ್ಧರದ್ದು, ಅಲ್ಲಿಂದ ಸ್ವಲ್ಪ ನಡೆದರೆ ಕಸುಗಾ ತಾಯ್‌ಶಾ ಅನ್ನುವ ಶಿಂಟೊ ಗುಡಿ.

ಕಾರಣ ಸರಳ. ಸಾವಿರಕ್ಕೂ ಹೆಚ್ಚು ವರ್ಷ ಜನ ಎರಡನ್ನೂ ಬೇರೆ ಅಂತ ನೋಡಲೇ ಇಲ್ಲ. ಫುಜಿವಾರಾ ಅಂತ ಒಂದು ಬಲಿಷ್ಠ ಮನೆತನ ಇತ್ತು. ಕೋಫುಕುಜಿ ಆ ಮನೆಯವರ ಬೌದ್ಧ ದೇವಾಲಯ, ಕಸುಗಾ ಅವರ ಕುಲದೇವರ ಗುಡಿ. ಬೌದ್ಧ ಭಿಕ್ಷುಗಳು ಕಸುಗಾದ ಕಾಮಿಯ ಮುಂದೆ ಸೂತ್ರ ಓದುತ್ತಿದ್ದರು. ಕಾಮಿಗಳೆಂದರೆ ಬುದ್ಧರ, ಬೋಧಿಸತ್ವರ (ಬುದ್ಧರಾಗುವ ದಾರಿಯಲ್ಲಿರುವವರು) ಇನ್ನೊಂದು ರೂಪ ಅಂತ ನಂಬಿದ್ದರು.

1868ರಲ್ಲಿ ಹೊಸದಾಗಿ ಬಂದ ಮೇಜಿ ಸರಕಾರ ಇವೆರಡನ್ನೂ ಬೇರೆ ಮಾಡಿ ಅಂತ ಆಜ್ಞೆ ಹೊರಡಿಸಿತು. ಸರಕಾರಕ್ಕೆ ಶಿಂಟೊ ಮೇಲೆ ಒಲವಿತ್ತು. ಎಷ್ಟೋ ಕಡೆ ಬೌದ್ಧ ಮೂರ್ತಿಗಳನ್ನು ಒಡೆದರು, ಮಾರಿದರು, ಸುಟ್ಟರು. ಕೋಫುಕುಜಿಯ ಭಿಕ್ಷುಗಳು ಕಾವಿ ಬಿಟ್ಟು ಕಸುಗಾದಲ್ಲಿ ಶಿಂಟೊ ಅರ್ಚಕರಾದರು. ದೇವಾಲಯದ ಸುತ್ತಲಿನ ಗೋಡೆ ಬಿತ್ತು. ಜಾಗ ಸಾರ್ವಜನಿಕ ಉದ್ಯಾನಕ್ಕೆ ಸೇರಿತು.

ಇವತ್ತು ಕೋಫುಕುಜಿಗೆ ಹೋದರೆ ಗೋಡೆಯೂ ಇಲ್ಲ, ಹೆಬ್ಬಾಗಿಲೂ ಇಲ್ಲ. ಅಂಗಡಿ ಬೀದಿಯಿಂದ ಮೆಟ್ಟಿಲು ಹತ್ತಿದರೆ ನೇರ ದೇವಾಲಯದ ಅಂಗಳ. ಸುಮ್ನೆ ವಿಶಾಲವಾಗಿ, ಚೆನ್ನಾಗಿದೆ ಅನ್ನಿಸುತ್ತದೆ. ಆ ಬಯಲು ಬಂದದ್ದು ಹೀಗೆ.

## ಸಿಡುಬು, ಅರಸ, ಒಂದು ಹಿಡಿ ಮಣ್ಣು

ಈಗ ಆ ದೊಡ್ಡ ಬುದ್ಧನ ಹತ್ತಿರ ಬರೋಣ. 735ರಿಂದ 737ರವರೆಗೆ ಜಪಾನಿನಲ್ಲಿ ಭೀಕರ ಸಿಡುಬು ಹಬ್ಬಿತು. ರಾಜ್ಯವನ್ನೇ ನಡೆಸುತ್ತಿದ್ದ ಫುಜಿವಾರಾ ಮನೆಯ ನಾಲ್ವರು ಅಣ್ಣತಮ್ಮಂದಿರೂ 737ರಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಬೆಳೆ ಹೋಯಿತು, ದಂಗೆ ಎದ್ದಿತು. ಅರಸ ಶೋಮು ಕಂಗಾಲಾದ. 743ರಲ್ಲಿ ಅವನು ಒಂದು ಆಜ್ಞೆ ಹೊರಡಿಸಿದ: ನಾಡಿಗೆಲ್ಲ ನೆರಳಾಗುವಂಥ ಬುದ್ಧನ ಮೂರ್ತಿ ಎರಕ ಹೊಯ್ಯಬೇಕು.

ಆ ಆಜ್ಞೆಯಲ್ಲಿ ಒಂದು ಮಾತಿದೆ. ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದು ನಾನೂ ಸಹಾಯ ಮಾಡುತ್ತೇನೆ ಅನ್ನುವವರಿದ್ದರೆ ಅವರನ್ನೂ ಸೇರಿಸಿಕೊಳ್ಳಿ ಅಂತ. ಇದನ್ನು ತಿಳಿದ ಮೇಲೆ ನನಗೆ ಆ ಮೂರ್ತಿ ನೋಡುವ ಬಗೆಯೇ ಬದಲಾಯಿತು. ಗ್ಯೋಕಿ ಅನ್ನುವ ಭಿಕ್ಷು ಊರೂರು ತಿರುಗಿ ಜನರನ್ನು ಸೇರಿಸಿದ. ಸೇತುವೆ, ಕೆರೆ ಕಟ್ಟಿಸಿ ಬಡವರ ಪ್ರೀತಿ ಗಳಿಸಿದ್ದವನು ಅವನು.

ಮೂರ್ತಿಯ ಎತ್ತರ ಸುಮಾರು 15 ಮೀಟರ್. ಇಷ್ಟು ದೊಡ್ಡದನ್ನು ಒಂದೇ ಸಲ ಎರಕ ಹೊಯ್ಯಲು ಆಗುವುದಿಲ್ಲ. ಬುಡದಿಂದ ಶುರುಮಾಡಿ, ಒಂದು ಸುತ್ತು ಮುಗಿದ ಮೇಲೆ ಅದರ ಮೇಲೆ ಇನ್ನೊಂದು ಸುತ್ತು ಅಂತ ಎಂಟು ಹಂತಗಳಲ್ಲಿ, ಸುತ್ತ ಮಣ್ಣಿನ ದಿಬ್ಬ ಏರಿಸುತ್ತಾ ಕಂಚು ಹೊಯ್ದರು. 747ರಿಂದ 749ರವರೆಗೆ ಹಿಡಿಯಿತು. ಆಮೇಲೆ ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಹಚ್ಚಿ, ಬೆಂಕಿಯ ಕಾವು ಕೊಟ್ಟು ಪಾದರಸ ಹಾರಿಸಿದರು. ಚಿನ್ನ ಉಳಿಯಿತು.

ಈ ಬುದ್ಧ ಶಾಕ್ಯಮುನಿ, ಅಂದರೆ ಗೌತಮ ಬುದ್ಧ, ಅಲ್ಲ. ವೈರೋಚನ. ಜಪಾನಿಯಲ್ಲಿ 'ಬಿರುಶಾನಾ'. ಸೂರ್ಯನ ಬೆಳಕಿನ ಹಾಗೆ ಎಲ್ಲ ಲೋಕಗಳನ್ನೂ ತುಂಬಿರುವ ಬುದ್ಧ ಅನ್ನುವುದು ಕಲ್ಪನೆ. ಕೈ ನೋಡಿ. ಬಲಗೈ ಎತ್ತಿದೆ, ಎಡಗೈ ಅಂಗೈ ಮೇಲಾಗಿ ಚಾಚಿದೆ. ಅಭಯ, ವರದ. ಯಾರೂ ವಿವರಿಸಬೇಕಿಲ್ಲ ಅಲ್ವಾ?

ಇವತ್ತು ಕಾಣುವುದೆಲ್ಲ 8ನೇ ಶತಮಾನದ್ದಲ್ಲ. 855ರ ಭೂಕಂಪದಲ್ಲಿ ತಲೆ ಬಿತ್ತು. 1180ರಲ್ಲಿ, 1567ರಲ್ಲಿ ಯುದ್ಧದ ಬೆಂಕಿಗೆ ಕಟ್ಟಡ ಸುಟ್ಟುಹೋಯಿತು. ಈಗಿನ ತಲೆ 17ನೇ ಶತಮಾನದ್ದು, ಈಗಿನ ಕಟ್ಟಡ 1709ರದ್ದು. ಮೊದಲಿನ ಅಗಲದ ಮೂರರಲ್ಲಿ ಎರಡು ಪಾಲು ಮಾತ್ರ ಇದೆ, ಆದರೂ ಇದು ಜಗತ್ತಿನ ಅತಿ ದೊಡ್ಡ ಮರದ ಕಟ್ಟಡಗಳಲ್ಲಿ ಒಂದು. ಮೂಲದ್ದು ನೋಡಬೇಕೆಂದರೆ ಪೀಠದ ಕಡೆ ಬಗ್ಗಿ ನೋಡಿ. ಕಮಲದ ಕೆಲವು ಎಸಳುಗಳು 8ನೇ ಶತಮಾನದವು. ಅವುಗಳ ಮೇಲೆ ಬುದ್ಧಲೋಕದ ಚಿತ್ರಗಳನ್ನು ಸೂಜಿಗೆರೆಯಷ್ಟು ಸಣ್ಣದಾಗಿ ಕೊರೆದಿದ್ದಾರೆ.

ಒಳಗೆ ಹಿಂಬದಿಯಲ್ಲಿ ಒಂದು ಕಂಬದ ಬುಡಕ್ಕೆ ತೂತು ಇದೆ. ಅದು ಬುದ್ಧನ ಮೂಗಿನ ಹೊಳ್ಳೆಯಷ್ಟು ಅಂತ ಹೇಳುತ್ತಾರೆ. ಅದರಲ್ಲಿ ನುಸುಳಿದರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಮಕ್ಕಳು ಸರಕ್ಕನೆ ಆಚೆ ಬರುತ್ತಾರೆ. ದೊಡ್ಡವರಿಗೆ ಭುಜ ಸಿಕ್ಕಿಕೊಳ್ಳುತ್ತದೆ.

ಹೊರಗೆ ಬಂದ ಮೇಲೆ ಜಗಲಿಯಲ್ಲಿ, ಬಾಗಿಲಿಗೆ ಎದುರಾಗಿ ನಿಂತರೆ ಬಲಕ್ಕೆ, ಕೆಂಪು ಬಟ್ಟೆ ಹೊದ್ದ ಮರದ ಮೂರ್ತಿ ಕಾಣುತ್ತದೆ. ಬಿಸಿಲು ಮಳೆಗೆ ಮುಖ ಸವೆದಿದೆ. ಹೆಸರು ಬಿಂಝುರು. ಮೂಲ ಹೆಸರು ಪಿಂಡೋಲ ಭಾರದ್ವಾಜ, ಬುದ್ಧನ ಶಿಷ್ಯ. ಎತ್ತರದ ಕಂಬದ ತುದಿಯಲ್ಲಿ ಕಟ್ಟಿದ್ದ ಗಂಧದ ಮರದ ಬಟ್ಟಲನ್ನು ಜನರೆದುರು ಹಾರಿ ತಂದು ತನ್ನ ಸಿದ್ಧಿ ತೋರಿಸಿದ, ಅದಕ್ಕೆ ಬುದ್ಧನಿಂದ ಬೈಸಿಕೊಂಡ ಅಂತ ಕತೆ. ಅದಕ್ಕೇ ಅವನು ಒಳಗಿಲ್ಲ, ಹೊರಗೆ ಕೂತಿದ್ದಾನೆ ಅನ್ನುತ್ತಾರೆ. ಸ್ವಲ್ಪ ಹೊತ್ತು ಅಲ್ಲಿ ನಿಂತು ನೋಡಿ. ಜನ ಬಂದು ಅವನ ಮಂಡಿ ಮುಟ್ಟಿ, ಆಮೇಲೆ ತಮ್ಮ ಮಂಡಿ ಸವರಿಕೊಳ್ಳುತ್ತಾರೆ. ನೋವು ಎಲ್ಲಿದೆಯೋ ಅಲ್ಲಿ.

## ಒಳಗಿರುವವರು ಯಾರು ಯಾರು?

ಜಪಾನಿನ ಬೌದ್ಧ ಮೂರ್ತಿಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಇದೊಂದು ತಿಳಿದರೆ ಯಾವ ದೇವಾಲಯಕ್ಕೆ ಹೋದರೂ ದಾರಿ ತಪ್ಪುವುದಿಲ್ಲ.

ಮೊದಲನೆಯದು 'ನ್ಯೋರಾಯ್', ಅಂದರೆ ತಥಾಗತ. ಜ್ಞಾನೋದಯವಾದ ಬುದ್ಧರು. ಸಾದಾ ವಸ್ತ್ರ, ಗುಂಗುರು ಕೂದಲು, ಸಾಮಾನ್ಯವಾಗಿ ಒಡವೆ ಇರುವುದಿಲ್ಲ. ಎರಡನೆಯದು 'ಬೊಸಾತ್ಸು', ಅಂದರೆ ಬೋಧಿಸತ್ವ. ಕಿರೀಟ, ಹಾರ, ರಾಜಕುಮಾರನ ಅಲಂಕಾರ. ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ ಇಲ್ಲಿ 'ಕನ್ನೊನ್'. ಮೂರನೆಯದು 'ಮ್ಯೋಓ'. ಹಿಂದೆ ಬೆಂಕಿ, ಮುಖದಲ್ಲಿ ಕೋಪ, ಕೈಯಲ್ಲಿ ಆಯುಧ. ಹಟಮಾರಿಗಳನ್ನು ದಾರಿಗೆ ತರಲು ಆ ಕೋಪ.

ನಾಲ್ಕನೆಯದು 'ತೆನ್'. ನಮ್ಮ 'ದೇವ' ಶಬ್ದಕ್ಕೆ ಜಪಾನಿನವರು ಬಳಸುವ ಪದ ಅದು. ಇಲ್ಲಿ ನಾವು ನೆಂಟರ ಮನೆಗೆ ಬಂದ ಹಾಗೆ. ಬೊಂತೆನ್ ಅಂದರೆ ಬ್ರಹ್ಮ. ತಾಯ್‌ಶಾಕುತೆನ್ ಅಂದರೆ ಇಂದ್ರ. ಬೆನ್‌ಝಾಯ್‌ತೆನ್ ಅಂದರೆ ಸರಸ್ವತಿ, ಕಿಚಿಜೋತೆನ್ ಅಂದರೆ ಲಕ್ಷ್ಮಿ, ಬಿಶಾಮೊಂತೆನ್ ಅಂದರೆ ವೈಶ್ರವಣ, ಅಂದರೆ ಕುಬೇರ. ತೋದಾಯ್‌ಜಿಯ ಹೊಕ್ಕೆದೋ ಮಂದಿರದಲ್ಲಿ ನಡುವೆ ಅಮೋಘಪಾಶ ಅವಲೋಕಿತೇಶ್ವರ ನಿಂತಿದ್ದಾನೆ, ಎರಡೂ ಪಕ್ಕ ಬ್ರಹ್ಮ, ಇಂದ್ರ. ಯಾಕುಶಿಜಿಯಲ್ಲಿ ಸೆಣಬಿನ ಬಟ್ಟೆಯ ಮೇಲೆ ಬರೆದ 8ನೇ ಶತಮಾನದ ಲಕ್ಷ್ಮಿಯ ಚಿತ್ರ ಇದೆ. ಗಣಪತಿಯೂ ಇದ್ದಾನೆ, ಹೆಸರು ಕಾಂಗಿತೆನ್. ನಾರಾ ಮತ್ತು ಒಸಾಕಾ ನಡುವಿನ ಇಕೋಮಾ ಬೆಟ್ಟದ ಹೋಝಾಂಜಿ ಅವನಿಂದಲೇ ಪ್ರಸಿದ್ಧಿ. ಆದರೆ ಮೂರ್ತಿಯನ್ನು ಜನರಿಗೆ ತೋರಿಸುವುದಿಲ್ಲ. ಹೀಗೆ ಮುಚ್ಚಿಟ್ಟ ಮೂರ್ತಿಗಳಿಗೆ 'ಹಿಬುತ್ಸು' ಅನ್ನುತ್ತಾರೆ.

ಕೋಫುಕುಜಿಯ ವಸ್ತುಸಂಗ್ರಹಾಲಯದಲ್ಲಿ ಒಬ್ಬನನ್ನು ಮಾತ್ರ ಬಿಡಬೇಡಿ. 734ರಲ್ಲಿ ಮಾಡಿದ ಅಶುರಾ, ಅಂದರೆ ನಮ್ಮ ಅಸುರ. ಮೂರು ಮುಖ, ಆರು ಕೈ, 153 ಸೆಂಟಿಮೀಟರ್ ಎತ್ತರ. ನಾವು ಅಸುರ ಅಂದರೆ ಕೋರೆಹಲ್ಲು, ಗಿರಿಜಾ ಮೀಸೆ ನೆನೆಯುತ್ತೇವೆ. ಇವನು ತೆಳ್ಳಗಿನ ಹುಡುಗ. ಎದುರಿನ ಮುಖದಲ್ಲಿ ಹುಬ್ಬು ಸ್ವಲ್ಪ ಗಂಟಿಕ್ಕಿದೆ, ಏನೋ ತಪ್ಪು ನೆನಪಾದವನ ಹಾಗೆ. ಜಗಳ ಬಿಟ್ಟು ಬುದ್ಧನ ಮಾತು ಕೇಳಿ ಧರ್ಮದ ಕಾವಲಿಗೆ ನಿಂತವನು ಅನ್ನುವುದು ಬೌದ್ಧರ ನಂಬಿಕೆ. ಮಣ್ಣಿನ ಅಚ್ಚಿನ ಮೇಲೆ ಬಟ್ಟೆಯನ್ನು ಅರಗಿನಂಥ ಮರದ ರಸದಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಮಣ್ಣು ತೆಗೆದಿದ್ದಾರೆ. ಒಳಗೆ ಟೊಳ್ಳು. ಹಗುರವಾಗಿದ್ದರಿಂದಲೇ ಬೆಂಕಿ ಬಿದ್ದಾಗಲೆಲ್ಲ ಎತ್ತಿಕೊಂಡು ಓಡಲು ಆಯಿತು. ಅವನ ಜೊತೆ ಗರುಡ, ಗಂಧರ್ವ, ಕಿನ್ನರರೂ ಇದ್ದಾರೆ.

## ಬಾಗಿಲಲ್ಲಿ ನಿಂತ 'ಅ' ಮತ್ತು 'ಹೂಂ'

ತೋದಾಯ್‌ಜಿಯ ದಕ್ಷಿಣದ ಹೆಬ್ಬಾಗಿಲಲ್ಲಿ 8 ಮೀಟರಿಗೂ ಎತ್ತರದ ಇಬ್ಬರು ಮರದ ಕಾವಲುಗಾರರಿದ್ದಾರೆ. ಜಿಂಕೆಗಳ ಗಲಾಟೆಯಲ್ಲಿ ಎಷ್ಟೋ ಜನ ಇವರನ್ನು ನೋಡದೆ ದಾಟಿಹೋಗುತ್ತಾರೆ. 'ನಿಓ' ಅಂತ ಹೆಸರು. 1203ರಲ್ಲಿ ಉಂಕೇ, ಕಾಯ್‌ಕೇ ಅನ್ನುವ ಶಿಲ್ಪಿಗಳ ತಂಡ ಸಾವಿರಾರು ಮರದ ತುಂಡು ಜೋಡಿಸಿ 69 ದಿನದಲ್ಲಿ ಮುಗಿಸಿತು.

ಬಾಯಿ ನೋಡಿ. ಒಬ್ಬನದು ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತೆರೆದ ಬಾಯಿ 'ಅ' ಅನ್ನುತ್ತಿದೆ, ಮುಚ್ಚಿದ್ದು 'ಹೂಂ'. ಎರಡೂ ಸಂಸ್ಕೃತದ ಅಕ್ಷರಗಳು. ಎಲ್ಲದರ ಶುರು ಮತ್ತು ಕೊನೆ ಅಂತ ಅರ್ಥ. ಗುಡಿಗಳ ಮುಂದೆ ಕೂತಿರುವ ಸಿಂಹದಂಥ ಜೋಡಿ ಪ್ರಾಣಿಗಳಲ್ಲೂ ಸಾಮಾನ್ಯವಾಗಿ ಇದೇ ವ್ಯತ್ಯಾಸ ಸಿಗುತ್ತದೆ. ಜಪಾನಿ ಅಕ್ಷರಮಾಲೆಯ ಕ್ರಮ ಕೂಡ ಅಲ್ಲಿಯ ಭಿಕ್ಷುಗಳ ಸಂಸ್ಕೃತ ಕಲಿಕೆಯಿಂದಲೇ ಬಂದದ್ದು: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ, ಒಂದನೇ ಕ್ಲಾಸಿನ ವರ್ಣಮಾಲೆ ನೆನಪಾಗುತ್ತದೆ.

## ಕಸುಗಾ: ಕಾಡು, ದೀಪ, ಜಿಂಕೆ

ಕಸುಗಾ ತಾಯ್‌ಶಾ 768ರಲ್ಲಿ ಸ್ಥಾಪನೆಯಾಯಿತು ಅನ್ನುತ್ತಾರೆ. ಅದರ ಹಿಂದಿನ ಬೆಟ್ಟದಲ್ಲಿ ಮರ ಕಡಿಯಬಾರದು, ಬೇಟೆ ಆಡಬಾರದು ಅಂತ 841ರಲ್ಲೇ ಅಪ್ಪಣೆಯಾಯಿತು. ಹಾಗಾಗಿ ಊರಿನ ಮಗ್ಗುಲಲ್ಲೇ ಹಳೆಯ ಕಾಡು ಉಳಿದಿದೆ. ಯುನೆಸ್ಕೋ ಪಟ್ಟಿಯಲ್ಲಿರುವ ಕಾಡು ಇದೇ.

ಗುಡಿಗೆ ಹೋಗುವ ದಾರಿಯುದ್ದಕ್ಕೂ ಪಾಚಿ ಕಟ್ಟಿದ ಕಲ್ಲಿನ ದೀಪಸ್ತಂಭಗಳು, ಒಳಗೆ ತೂಗುಹಾಕಿದ ಕಂಚಿನ ದೀಪಗಳು. ಒಟ್ಟು ಸುಮಾರು 3,000. ಒಂದೊಂದೂ ಯಾರೋ ಹರಕೆ ಒಪ್ಪಿಸಿದ್ದು. ಎಲ್ಲವನ್ನೂ ಬೆಳಗುವುದು ಫೆಬ್ರವರಿಯ ಸೆತ್ಸುಬುನ್ ಹಬ್ಬಕ್ಕೆ ಮತ್ತು ಆಗಸ್ಟ್ 14, 15ಕ್ಕೆ. ಬೇರೆ ದಿನ ಹೋದವರಿಗಾಗಿ ಒಂದು ಕತ್ತಲೆಯ ಕೋಣೆಯಲ್ಲಿ ಕೆಲವನ್ನು ಬೆಳಗಿಸಿ ಇಟ್ಟಿರುತ್ತಾರೆ.

ಜಿಂಕೆಗಳ ಕತೆ ಸೇರಿಕೊಳ್ಳುವುದು ಇಲ್ಲೇ. ಕಸುಗಾದ ಒಬ್ಬ ಕಾಮಿ ದೂರದ ಕಾಶಿಮಾದಿಂದ ಬಿಳಿ ಜಿಂಕೆ ಏರಿ ಬಂದ ಅಂತ ನಂಬಿಕೆ. ಆದ್ದರಿಂದ ಇವು ದೇವರ ದೂತರು. ಸಾಕಿದ ಪ್ರಾಣಿಗಳಲ್ಲ, ಕಾಡು ಜಿಂಕೆಗಳು. ಅಲ್ಲೇ ಮಾರುವ ತೌಡಿನ ಬಿಸ್ಕತ್ತು ಬಿಟ್ಟು ಬೇರೆ ಏನನ್ನೂ ಕೊಡಬೇಡಿ. ಬಿಸ್ಕತ್ತು ತೋರಿಸಿ ಆಟ ಆಡಿಸಿದರೆ ಕಚ್ಚುತ್ತವೆ, ಗುದ್ದುತ್ತವೆ. ಶರತ್ಕಾಲದಲ್ಲಿ ಗಂಡು ಜಿಂಕೆಗಳಿಂದ ದೂರ ಇರಿ. ಕೈಯಲ್ಲಿ ನಕ್ಷೆ, ಟಿಕೆಟ್ ಹಿಡಿದಿದ್ದರೆ ಅದನ್ನೂ ತಿನ್ನುತ್ತವೆ.

## ನಡೆದುಕೊಳ್ಳುವುದು ಹೇಗೆ?

ಮುಂದೆ ನೀರಿನ ತೊಟ್ಟಿ, ಸೌಟು ಇರುತ್ತದೆ. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ, ಆಮೇಲೆ ಬಲಗೈ. ಎಡಗೈ ಬೊಗಸೆಗೆ ನೀರು ಸುರಿದು ಬಾಯಿ ಮುಕ್ಕಳಿಸಿ. ಸೌಟಿಗೆ ಬಾಯಿ ಹಚ್ಚಬಾರದು, ನಮ್ಮ ಎಂಜಲಿನ ಲೆಕ್ಕವೇ.

ಶಿಂಟೊ ಗುಡಿಯಲ್ಲಿ ಕಾಣಿಕೆ ಹಾಕಿ, ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೈ ಮುಗಿದು, ಮತ್ತೆ ಒಂದು ಸಲ ಬಗ್ಗುತ್ತಾರೆ. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಇಲ್ಲ. ಸುಮ್ಮನೆ ಕೈ ಮುಗಿದರೆ ಸಾಕು. 5 ಯೆನ್ ನಾಣ್ಯ ಹಾಕುವವರು ಜಾಸ್ತಿ. 'ಗೋ ಎನ್' ಅನ್ನುವ ಶಬ್ದಕ್ಕೆ 5 ಯೆನ್ ಅಂತಲೂ ಅರ್ಥ, ಋಣಾನುಬಂಧ ಅಂತಲೂ ಅರ್ಥ.

ಮರದ ನೆಲ ಶುರುವಾಗುವ ಕಡೆ ಚಪ್ಪಲಿ ಬಿಡಬೇಕು. ತೋದಾಯ್‌ಜಿಯ ದೊಡ್ಡ ಬುದ್ಧನ ಫೋಟೋ ತೆಗೆಯಬಹುದು, ಹೊಕ್ಕೆದೋ ಒಳಗೆ, ಅಶುರಾ ಮುಂದೆ ತೆಗೆಯುವಂತಿಲ್ಲ.

ಕಿಂತೆತ್ಸು ನಾರಾ ನಿಲ್ದಾಣದಲ್ಲಿ ಇಳಿದರೆ ಎಲ್ಲಕ್ಕೂ ಹತ್ತಿರ. ಮೊದಲು ಕೋಫುಕುಜಿ. ಅದರ ಐದಂತಸ್ತಿನ ಗೋಪುರಕ್ಕೆ ದೊಡ್ಡ ದುರಸ್ತಿ ನಡೆಯುತ್ತಿರುವುದರಿಂದ ಮುಚ್ಚಿದ್ದಾರೆ, ಬೇಸರ ಮಾಡಿಕೊಳ್ಳಬೇಡಿ. ಅಲ್ಲಿಂದ ತೋದಾಯ್‌ಜಿ, ಆಮೇಲೆ ಕಸುಗಾ. ಸಂಜೆಗೆ ತೋದಾಯ್‌ಜಿಯ ಮೇಲ್ಗಡೆ ಇರುವ ನಿಗತ್ಸುದೋ ಮಂದಿರದ ಜಗಲಿಗೆ ವಾಪಸ್ ಬನ್ನಿ. ಅಲ್ಲಿಂದ ಇಡೀ ಊರು, ಮುಳುಗುವ ಸೂರ್ಯ ಕಾಣುತ್ತದೆ. ಮಾರ್ಚ್ 1ರಿಂದ 14ರವರೆಗೆ ಅದೇ ಜಗಲಿಯಲ್ಲಿ ಭಿಕ್ಷುಗಳ ಸಹಾಯಕರು ಭಾರಿ ಪಂಜು ಹಿಡಿದು ಓಡುತ್ತಾರೆ, ಕಿಡಿಗಳು ಕೆಳಗೆ ನಿಂತವರ ಮೇಲೆ ಉದುರುತ್ತವೆ. 752ರಿಂದ ಈ ವ್ರತ ಒಂದು ವರ್ಷವೂ ತಪ್ಪಿಲ್ಲ.

## ಕಣ್ಣು ತೆರೆಸಿದವನು

ಅದೇ 752ರಲ್ಲಿ ದೊಡ್ಡ ಬುದ್ಧನ ಕಣ್ಣು ತೆರೆಸುವ ಶಾಸ್ತ್ರ ನಡೆಯಿತು. ನಮ್ಮಲ್ಲಿ ಮೂರ್ತಿ ಪ್ರತಿಷ್ಠೆಯ ಹೊತ್ತಿಗೆ ಮಾಡುವ ನೇತ್ರೋನ್ಮೀಲನದ ಹಾಗೆಯೇ. ಕುಂಚ ಹಿಡಿದು ಕಣ್ಣಿನ ಪಾಪೆ ಬರೆದವನು ಬೋಧಿಸೇನ. ದಕ್ಷಿಣ ಭಾರತದವನು, ಬ್ರಾಹ್ಮಣ ಕುಲದವನು ಅಂತ ಜಪಾನಿನ ದಾಖಲೆಗಳು ಹೇಳುತ್ತವೆ. ಯಾವ ಊರು ಅಂತಿಲ್ಲ. ಮಂಜುಶ್ರೀ ಬೋಧಿಸತ್ವನನ್ನು ಹುಡುಕಿಕೊಂಡು ಚೀನಾದ ವುತಾಯ್ ಬೆಟ್ಟಕ್ಕೆ ಹೋದವನು, ಅಲ್ಲಿಂದ ಹಡಗು ಹತ್ತಿ 736ರಲ್ಲಿ ಜಪಾನಿಗೆ ಬಂದ. ಬಂದರಿನಲ್ಲಿ ಎದುರುಗೊಂಡವನು ಅದೇ ಗ್ಯೋಕಿ. ಜನ ಅವನನ್ನು 'ಬಾರಾಮೊನ್ ಸೋಜೋ' ಅನ್ನುತ್ತಿದ್ದರು. ಬಾರಾಮೊನ್ ಅಂದರೆ ಬ್ರಾಹ್ಮಣ, ಸೋಜೋ ಭಿಕ್ಷುಗಳ ಹಿರಿಯ ಪದವಿ. 760ರಲ್ಲಿ ತೀರಿಕೊಂಡ, ಮತ್ತೆ ಊರಿಗೆ ಮರಳಲಿಲ್ಲ. ನಾರಾದ ಪಶ್ಚಿಮಕ್ಕಿರುವ ರ್‍ಯೋಸೆಂಜಿ ದೇವಾಲಯದಲ್ಲಿ ಅವನ ಸಮಾಧಿ ಇದೆ. ಅಲ್ಲಿಯ ಬೆಟ್ಟ ಬುದ್ಧ ಉಪದೇಶ ಮಾಡಿದ ಬಿಹಾರದ ಗೃಧ್ರಕೂಟದ ಹಾಗಿದೆ ಅಂತ ಅವನು ಹೇಳಿದ್ದರಿಂದ ಆ ಹೆಸರು ಬಂತು ಅನ್ನುತ್ತಾರೆ.

ಶಾಸ್ತ್ರದ ದಿನ ಅವನ ಕುಂಚಕ್ಕೆ ನೀಲಿ ರೇಷ್ಮೆಯ ಉದ್ದನೆಯ ದಾರ ಕಟ್ಟಿದ್ದರು. ಆಗ ಸಿಂಹಾಸನ ಬಿಟ್ಟುಕೊಟ್ಟಿದ್ದ ಶೋಮು ಮತ್ತು ನೆರೆದವರು ಆ ದಾರ ಹಿಡಿದು ನಿಂತಿದ್ದರು. ಎಲ್ಲರೂ ಕೂಡಿ ಕಣ್ಣು ತೆರೆಸಿದ ಹಾಗಾಯಿತು. 1180ರ ಬೆಂಕಿಯ ನಂತರ, 1185ರಲ್ಲಿ ಬುದ್ಧನಿಗೆ ಮತ್ತೆ ಕಣ್ಣು ಬರೆದಾಗ ಅದೇ ಕುಂಚವನ್ನು ತೆಗೆದು ಬಳಸಿದರು.

ಆ ಕುಂಚ, ಆ ದಾರ ಎರಡೂ ಇವತ್ತಿಗೂ ಇವೆ. ತೋದಾಯ್‌ಜಿಯ ಹಿಂದಿನ ಶೋಸೋಇನ್ ಭಂಡಾರದ ಸುಮಾರು 9,000 ವಸ್ತುಗಳಲ್ಲಿ ಅವೂ ಸೇರಿವೆ. ಪ್ರತಿ ವರ್ಷ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ಭಾಗದವರೆಗೆ ಅವುಗಳಲ್ಲಿ ಕೆಲವನ್ನಷ್ಟೇ ಆರಿಸಿ ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ತೋರಿಸುತ್ತಾರೆ. ಆ ಸಮಯಕ್ಕೆ ಜಪಾನಿನಲ್ಲಿರುವವರು ಈ ಸಲ ಯಾವುದನ್ನು ಇಟ್ಟಿದ್ದಾರೆ ಅಂತ ಮೊದಲೇ ನೋಡಿಕೊಂಡು ಹೋಗಿ. ಟಿಕೆಟ್ಟನ್ನು ಮುಂಚೆಯೇ ಕಾದಿರಿಸಬೇಕಾಗುತ್ತದೆ.